ಓದುಗರ ಪ್ರಶ್ನೆ: ಮಗ್ಗದವರು ಕುದುರೆ ಸವಾರರನ್ನು ತಡೆದದ್ದು ಹೇಗೆ?

ಕಳೆದ ಸಂಚಿಕೆಯಲ್ಲಿ ಯೂರೋಪಿನ ಮಧ್ಯಯುಗದ ಕೋಟೆಗಳ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳೆಲ್ಲ ಕೋಟೆ ಬಿಟ್ಟು ಬಯಲಿಗೆ ಇಳಿದಿವೆ. ಕತ್ತಿ, ಈಟಿ, ಕುದುರೆ, ಕಾಲಾಳು, ಎಲ್ಲರ ಪ್ರಶ್ನೆಯೂ ಇದರ ಸುತ್ತಲೇ. ನನಗೆ ಇದು ತುಂಬ ಇಷ್ಟದ ವಿಷಯ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ರಾಜರ ಹೆಸರು, ಇಸವಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಸಾಲಿನಲ್ಲಿ ನಿಂತು ಕಾದಿದವರ ಬಗ್ಗೆ ಮಾತಾಡಲು ಹೊತ್ತೇ ಸಿಗುತ್ತಿರಲಿಲ್ಲ. ಈ ಸಲ ಅವರ ಬಗ್ಗೆಯೇ ಮಾತಾಡೋಣ.

ಸಿನಿಮಾಗಳಲ್ಲಿ ಯುದ್ಧ ಶುರುವಾಗುವುದೇ ತಡ, ಎಲ್ಲರೂ ಕತ್ತಿ ಹಿರಿದು ನುಗ್ಗುತ್ತಾರೆ. ನಿಜವಾಗಿಯೂ ಹಾಗೇ ಇತ್ತಾ ಮೇಡಂ? (ದಾವಣಗೆರೆಯ ಓದುಗರೊಬ್ಬರು)

ಇಲ್ಲ. ಹೆಚ್ಚಿನ ಸೈನಿಕರ ಕೈಯಲ್ಲಿ ಮೊದಲಿಗೆ ಇರುತ್ತಿದ್ದದ್ದು ಈಟಿ. ಕತ್ತಿ ಇದ್ದವರಿಗೆ ಅದು ಸೊಂಟದಲ್ಲಿ ತೂಗುತ್ತಿತ್ತು. ಈಟಿ ಮುರಿದರೆ, ಕೈಜಾರಿದರೆ, ಎದುರಾಳಿ ಈಟಿಯ ಮೊನೆ ದಾಟಿ ಮೈಮೇಲೇ ಬಂದರೆ ಆಗ ಕತ್ತಿ ಒರೆಯಿಂದ ಹೊರಗೆ ಬರುತ್ತಿತ್ತು.

ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ಒಂದು ಕಾನೂನು. 1181ರಲ್ಲಿ ಎರಡನೇ ಹೆನ್ರಿ ದೊರೆ ಒಂದು ಆಜ್ಞೆ ಹೊರಡಿಸಿದ. ಯಾರ ಹತ್ತಿರ ಎಷ್ಟು ಆಸ್ತಿ ಇದೆಯೋ ಅದಕ್ಕೆ ತಕ್ಕಂತೆ ಅವರು ಮನೆಯಲ್ಲಿ ಆಯುಧ ಇಟ್ಟುಕೊಳ್ಳಬೇಕು ಎಂದು ಅದರಲ್ಲಿ ಬರೆದಿದೆ. ನೈಟ್, ಅಂದರೆ ಕುದುರೆ ಮೇಲೆ ಕಾದುವ ಕುಲೀನ ಯೋಧ, ಆದವನಿಗೆ ಉಂಗುರ ಹೆಣೆದ ಕವಚ, ಶಿರಸ್ತ್ರಾಣ, ಗುರಾಣಿ, ಈಟಿ. 10 ಮಾರ್ಕ್ ಬೆಲೆಯ ಸೊತ್ತು ಇರುವವನಿಗೆ ಚಿಕ್ಕ ಕವಚ, ಕಬ್ಬಿಣದ ಟೋಪಿ, ಈಟಿ. ಪೇಟೆಯ ಸಾಮಾನ್ಯ ಜನಕ್ಕೆ ದಪ್ಪ ಬಟ್ಟೆಯ ಅಂಗಿ, ಕಬ್ಬಿಣದ ಟೋಪಿ, ಈಟಿ. ಪಟ್ಟಿಯ ಉದ್ದಕ್ಕೂ ಈಟಿ ಇದೆ, ಕತ್ತಿಯ ಹೆಸರೇ ಇಲ್ಲ.

ಯಾಕೆ ಹೀಗೆ? ಈಟಿಗೆ ಕಬ್ಬಿಣ ಬೇಕಾಗುವುದು ಮೊನೆಗೆ ಮಾತ್ರ. ಹಳ್ಳಿಯ ಕಮ್ಮಾರ ಸಾಕು. ಕತ್ತಿ ಹಾಗಲ್ಲ. ಮೂರಡಿ ಉದ್ದದ ಅಲಗು ಬಾಗಬೇಕು, ಆದರೆ ಮುರಿಯಬಾರದು. ಅದಕ್ಕೆ ಒಳ್ಳೆಯ ಉಕ್ಕು ಬೇಕು, ಕೈ ಪಳಗಿದ ಕುಶಲಕರ್ಮಿ ಬೇಕು. ಇನ್ನೊಂದು ಕಾರಣ ಜಾಗದ್ದು. ಕತ್ತಿ ಬೀಸಲು ಅಕ್ಕಪಕ್ಕ ಜಾಗ ಬೇಕು. ಈಟಿ ತಿವಿಯಲು ಬೇಡ. ಹೆಗಲಿಗೆ ಹೆಗಲು ತಾಗಿಸಿ ಒತ್ತೊತ್ತಾಗಿ ನಿಲ್ಲಬಹುದು. ಹಿಂದಿನ ಸಾಲಿನವರ ಈಟಿಯೂ ಮುಂದಿನವರ ಹೆಗಲ ಮೇಲಿಂದ ಚಾಚಿಕೊಳ್ಳುತ್ತದೆ. ಎದುರು ಬಂದವನು ಒಬ್ಬನ ಜೊತೆ ಕಾದುತ್ತಿದ್ದೇನೆ ಅಂದುಕೊಂಡರೆ ಮೂರು ಮೊನೆ ಅವನ ಕಡೆ ತಿರುಗಿರುತ್ತವೆ.

ಹೋಗ್ತಾ ಹೋಗ್ತಾ ಕತ್ತಿಯೂ ಸಾಮಾನ್ಯರ ಮನೆಗೆ ಬಂತು. 1285ರ ವಿಂಚೆಸ್ಟರ್ ಕಾನೂನಿನಲ್ಲಿ ವರ್ಷಕ್ಕೆ 40 ಶಿಲಿಂಗ್‌ನಿಂದ 100 ಶಿಲಿಂಗ್‌ವರೆಗೆ ಭೂಮಿಯ ಆದಾಯ ಇರುವವನು ಕತ್ತಿ, ಬಿಲ್ಲು ಬಾಣ, ಚಾಕು ಇಟ್ಟುಕೊಳ್ಳಬೇಕು ಎಂದಿದೆ. ನೂರು ವರ್ಷದಲ್ಲಿ ಎಷ್ಟು ಬದಲಾವಣೆ ನೋಡಿ.

ಆ ಕಾಲದ ಕತ್ತಿ ಹತ್ತು ಕಿಲೋ ಇರುತ್ತಿತ್ತಂತೆ, ಹೌದಾ? (ಉಡುಪಿ)

ಖಂಡಿತ ಇಲ್ಲ. ಒಂದು ಕೈಯಲ್ಲಿ ಹಿಡಿಯುವ ಕತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂಕಾಲು ಕಿಲೋ. ಎರಡು ಕೈಯಲ್ಲೂ ಹಿಡಿಯಬಹುದಾದ ಉದ್ದ ಕತ್ತಿ ಒಂದೂವರೆ ಕಿಲೋ ಆಸುಪಾಸು. ಹತ್ತು ಕಿಲೋ ಹೊತ್ತುಕೊಂಡು ಬೀಸಿದವನು ಮೊದಲ ಏಟು ಮುಗಿಯುವ ಮುಂಚೆಯೇ ಸತ್ತಿರುತ್ತಿದ್ದ.

ಮಗಳು ಬೆಲ್ಜಿಯಮ್ಮಿನ ಗೆಂಟ್‌ನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ಹಳೇ ಕತ್ತಿವರಸೆ ಕಲಿಯುವ ಹುಡುಗರು ನನ್ನ ಕೈಗೆ ಒಂದು ಕತ್ತಿ ಕೊಟ್ಟಿದ್ದರು. ಹಳೆಯದರ ಅಳತೆಗೆ ಮಾಡಿಸಿದ್ದು. ಹಿಡಿಯ ಕೊನೆಯಲ್ಲಿ ಒಂದು ಲೋಹದ ಗುಂಡು ಇತ್ತು. ಅಲಂಕಾರಕ್ಕೆ ಅಂತ ನೋಡಿದವರಿಗೆ ಅನಿಸುತ್ತದೆ. ಅದರ ಕೆಲಸ ಬೇರೆ. ಅಲಗಿನ ಭಾರವನ್ನು ಕೈಯ ಹತ್ತಿರಕ್ಕೆ ಎಳೆದುಕೊಳ್ಳುವುದು ಅದೇ. ಅದರಿಂದಾಗಿ ಮೊನೆ ಹಗುರ ಅನಿಸುತ್ತದೆ, ಮಣಿಕಟ್ಟು ತಿರುಗಿಸಿದರೆ ಸಾಕು, ಮೊನೆ ತಿರುಗುತ್ತದೆ. ಅಲಗಿನ ನಡುವೆ ಉದ್ದಕ್ಕೆ ಒಂದು ಕಾಲುವೆ ಕೊರೆದಿರುತ್ತಾರೆ. ರಕ್ತ ಹರಿಯಲು ಅಂತ ಜನ ಹೇಳುವುದು ಸುಳ್ಳು. ತೂಕ ಇಳಿಸಲು, ಆದರೆ ಗಟ್ಟಿತನ ಉಳಿಸಲು ಮಾಡಿದ್ದು ಅದು.

ನಮ್ಮದು ಮಗ್ಗದ ಮನೆ. ಒಂದು ಕಾಲದಲ್ಲಿ ನೇಕಾರರೆಲ್ಲ ಸೇರಿ ಫ್ರಾನ್ಸಿನ ಸೈನ್ಯವನ್ನೇ ಸೋಲಿಸಿದ್ದರು ಅಂತ ಎಲ್ಲೋ ಓದಿದೆ. ಕುದುರೆ ಮೇಲೆ ಕವಚ ತೊಟ್ಟು ಬರುವವರನ್ನು ನೆಲದ ಮೇಲೆ ನಿಂತವರು ತಡೆಯುವುದು ಸಾಧ್ಯವೇ? (ಗುಳೇದಗುಡ್ಡ)

ನಿಮ್ಮ ಪತ್ರ ಓದಿ ತುಂಬ ಖುಷಿ ಆಯಿತು. ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ.

ನೀವು ಓದಿದ್ದು ನಿಜ. ಅದು ನಡೆದದ್ದು 1302ರ ಜುಲೈ 11ರಂದು, ಇವತ್ತಿನ ಬೆಲ್ಜಿಯಮ್ಮಿನ ಕೋರ್ಟ್ರೈಕ್ ಊರಿನ ಹೊರಗೆ. ಆಗ ಆ ಸೀಮೆಗೆ ಫ್ಲಾಂಡರ್ಸ್ ಎಂದು ಹೆಸರು. ಬ್ರೂಜ್, ಗೆಂಟ್, ಈಪರ್ ಎಂಬ ಮೂರು ದೊಡ್ಡ ಪೇಟೆಗಳು ಉಣ್ಣೆ ಬಟ್ಟೆಯಿಂದಲೇ ಬದುಕುತ್ತಿದ್ದವು. ಇಂಗ್ಲೆಂಡಿನಿಂದ ಉಣ್ಣೆ ಬರುತ್ತಿತ್ತು. ನೇಯುವವರು, ಬಟ್ಟೆ ತುಳಿದು ಹದ ಮಾಡುವವರು, ಬಣ್ಣ ಹಾಕುವವರು, ಹೀಗೆ ಒಂದೊಂದು ಕಸುಬಿಗೂ ಒಂದೊಂದು ಸಂಘ ಇತ್ತು. ಫ್ರಾನ್ಸಿನ ದೊರೆ ನಾಲ್ಕನೇ ಫಿಲಿಪ್ ಈ ಸೀಮೆಯನ್ನು ನುಂಗಿಹಾಕಿ ತನ್ನ ಅಧಿಕಾರಿಗಳನ್ನು ಕೂರಿಸಿದ್ದ. ಪೇಟೆಯ ದೊಡ್ಡ ಶ್ರೀಮಂತರಲ್ಲಿ ಬಹಳ ಜನ ಫ್ರಾನ್ಸಿನ ಕಡೆ ವಾಲಿದ್ದರು. ತೆರಿಗೆಯ ಭಾರ ಬಿದ್ದದ್ದು ದುಡಿಯುವವರ ಮೇಲೆ. 1302ರ ಮೇ 18ರ ಬೆಳಗಿನ ಜಾವ ಬ್ರೂಜ್‌ನಲ್ಲಿ ಜನ ದಂಗೆ ಎದ್ದು ಊರಿನಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರನ್ನು ಕೊಂದರು. ಅವರ ಮುಂದಾಳುಗಳಲ್ಲಿ ಒಬ್ಬ ಪೀಟರ್ ಡಿ ಕೋನಿಂಕ್, ಕಸುಬಿನಿಂದ ನೇಕಾರ. ಅವರಿಗೆ ಬುದ್ಧಿ ಕಲಿಸಲು ಫಿಲಿಪ್ ತನ್ನ ಬಂಧು ಆರ್ಟ್ವಾದ ರಾಬರ್ಟ್‌ನ ಕೈಗೆ ಸೈನ್ಯ ಕೊಟ್ಟು ಕಳಿಸಿದ.

ಲೆಕ್ಕ ನೋಡಿ. ಫ್ರೆಂಚರ ಕಡೆ ಸುಮಾರು ಎರಡೂವರೆ ಸಾವಿರ ಕವಚಧಾರಿ ಸವಾರರು, ಜೊತೆಗೆ ಅಡ್ಡಬಿಲ್ಲಿನವರು, ಕಾಲಾಳುಗಳು. ಫ್ಲಾಂಡರ್ಸ್ ಕಡೆ ಎಂಟರಿಂದ ಹತ್ತು ಸಾವಿರ ಜನ, ಹೆಚ್ಚುಕಡಿಮೆ ಎಲ್ಲರೂ ಕಾಲಾಳುಗಳು. ಅವರ ಕಡೆ ಇದ್ದ ಕೆಲವೇ ಕುಲೀನರೂ ಕುದುರೆ ಇಳಿದು ಸಾಲಿನಲ್ಲಿ ನಿಂತರು. ನಾಯಕರಾಗಿದ್ದ ನಮೂರಿನ ಗಿ ಮತ್ತು ಯೂಲಿಷ್‌ನ ವಿಲ್ಹೆಲ್ಮ್ ಕೂಡ ಹಾಗೇ ಮಾಡಿದರು. ಇದು ಸಣ್ಣ ವಿಷಯವಲ್ಲ. ಸಾಹುಕಾರ ಕುದುರೆ ಮೇಲಿದ್ದರೆ, ಸೋತಾಗ ಅವನು ಓಡಿಹೋಗಬಹುದು, ನಾವು ಸಾಯಬೇಕು ಎಂದು ಸಾಲಿನಲ್ಲಿ ನಿಂತವನಿಗೆ ಗೊತ್ತಿರುತ್ತದೆ. ನಾಯಕನೂ ನೆಲದ ಮೇಲೆ ನಿಂತರೆ ಆ ಅನುಮಾನ ಹೋಗುತ್ತದೆ.

ಅವರು ಆರಿಸಿಕೊಂಡ ಜಾಗವೂ ಅಂಥದ್ದೇ. ಬೆನ್ನ ಹಿಂದೆ ಲೇಯ ನದಿ. ಒಂದು ಪಕ್ಕಕ್ಕೆ ಊರು, ಅಲ್ಲಿನ ಕೋಟೆಯೊಳಗೆ ಇನ್ನೂ ಫ್ರೆಂಚ್ ಪಡೆ ಇತ್ತು. ಮುಂದೆ ಎರಡು ತೊರೆ, ಜೌಗು ನೆಲ. ಓಡಿಹೋಗಲು ದಾರಿಯೇ ಇಲ್ಲ. ಯುದ್ಧಕ್ಕೆ ಮುಂಚೆ ಪಾದ್ರಿ ಪ್ರಾರ್ಥನೆ ಮಾಡಿಸಿದ, ಪ್ರತಿಯೊಬ್ಬರೂ ಕಾಲಡಿಯ ಮಣ್ಣನ್ನು ಚಿಟಿಕೆ ತೆಗೆದು ಬಾಯಿಗಿಟ್ಟುಕೊಂಡರು ಎಂದು ಆ ಕಾಲದ ಇಟಲಿಯ ಚರಿತ್ರೆಕಾರ ಬರೆದಿದ್ದಾನೆ. ಲೂಟಿ ಮಾಡಬಾರದು, ಸೆರೆ ಹಿಡಿಯಬಾರದು ಎಂಬ ಕಟ್ಟಪ್ಪಣೆಯೂ ಇತ್ತು. ಆ ಕಾಲದ ಯುದ್ಧದಲ್ಲಿ ನೈಟ್ ಸೋತರೆ ಸೆರೆ ಸಿಕ್ಕಿ, ಹಣ ಕೊಟ್ಟು ಮನೆಗೆ ಹೋಗುತ್ತಿದ್ದ. ಸೆರೆ ಹಿಡಿದವನಿಗೂ ಲಾಭ. ಆದರೆ ಒಬ್ಬನನ್ನು ಸೆರೆ ಹಿಡಿಯಲು ನಾಲ್ಕು ಜನ ಸಾಲು ಬಿಟ್ಟರೆ ಅಲ್ಲಿ ಕಂಡಿ ಬೀಳುತ್ತದೆ. ಅಪ್ಪಣೆಯ ಹಿಂದಿನ ಲೆಕ್ಕ ಇದೇ. ಕ್ರೂರವಾದ ಲೆಕ್ಕ, ಆದರೆ ಸರಿಯಾದ ಲೆಕ್ಕ.

ಅವರ ಕೈಯಲ್ಲಿ ಏನಿತ್ತು ಎಂಬುದಕ್ಕೆ ಒಂದು ಸೊಗಸಾದ ಆಧಾರ ಉಳಿದಿದೆ. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇದೆ. ಅದರ ಮುಂಭಾಗದಲ್ಲಿ ಈ ಯುದ್ಧವನ್ನೇ ಕೆತ್ತಿದ್ದಾರೆ. ಸಂಘಗಳ ಬಾವುಟಗಳು ಕಾಣುತ್ತವೆ. ಉದ್ದ ಈಟಿ ಹಿಡಿದವರು ಕಾಣುತ್ತಾರೆ. ಇನ್ನೊಂದು ಆಯುಧವೂ ಇದೆ, ಅದರ ಹೆಸರು ಗುಡೆಂಡಾಗ್. ನೋಡಲು ಏನೂ ಚೆಂದವಿಲ್ಲ. ದಪ್ಪ ಮರದ ದೊಣ್ಣೆ, ಮೇಲಕ್ಕೆ ಹೋದಂತೆ ಇನ್ನೂ ದಪ್ಪ. ಆ ತುದಿಗೆ ಕಬ್ಬಿಣದ ಬಳೆ, ಬಳೆಯ ನಡುವಿನಿಂದ ಹೊರಟ ಚೂಪಾದ ಮೊಳೆ. ಮೊಳೆಯಿಂದ ತಿವಿಯಬಹುದು, ತಲೆಯಿಂದ ಬಡಿಯಬಹುದು. ಮೈಮೇಲೆ ಹಾಕಿಕೊಳ್ಳಲು ಉಳ್ಳವರಿಗೆ ಉಂಗುರದ ಕವಚ. ಉಳಿದವರಿಗೆ ನಮ್ಮ ಕೌದಿಯ ಹಾಗೆ ಪದರ ಪದರ ಬಟ್ಟೆ ಇಟ್ಟು ಹೊಲಿದ ದಪ್ಪ ಅಂಗಿ. ಬಟ್ಟೆ ಅಂತ ಹಗುರ ಮಾಡಬೇಡಿ. ಸೀಳುವ ಏಟಿಗೆ ಅದು ಚೆನ್ನಾಗಿ ತಡೆ ಕೊಡುತ್ತದೆ. ನೇಯುವವರ ಊರಲ್ಲಿ ಅದಕ್ಕೆ ಬರಗಾಲವೂ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಫ್ರೆಂಚ್ ಅಡ್ಡಬಿಲ್ಲಿನವರು ಮುಂದೆ ಬಂದರು. ಚೆನ್ನಾಗಿಯೇ ಹೊಡೆದರು. ಫ್ಲಾಂಡರ್ಸಿನ ಬಿಲ್ಲುಗಾರರು ಹಿಂದೆ ಸರಿಯಬೇಕಾಯಿತು. ಇನ್ನೇನು ಕಾಲಾಳುಗಳೇ ಕೆಲಸ ಮುಗಿಸುತ್ತಾರೆ ಎನ್ನುವಾಗ ರಾಬರ್ಟ್ ಅವರನ್ನು ವಾಪಸ್ ಕರೆದ. ಗೆಲುವಿನ ಕೀರ್ತಿ ಸವಾರರಿಗೆ ಸಿಗಬೇಕಿತ್ತು. ಕಾಲಾಳುಗಳು ಪೂರ್ತಿ ಸರಿಯುವ ಮುಂಚೆಯೇ ಸವಾರರು ನುಗ್ಗಿದರು, ತಮ್ಮವರಲ್ಲೇ ಕೆಲವರನ್ನು ತುಳಿದುಕೊಂಡು ಬಂದರು. ತೊರೆ ದಾಟುವಾಗ ಕುದುರೆಗಳ ವೇಗ ಕುಗ್ಗಿತು. ದಾಟಿದ ಮೇಲೆ ಮತ್ತೆ ವೇಗ ಹಿಡಿಯಲು ಬೇಕಾದಷ್ಟು ದೂರ ಇರಲಿಲ್ಲ.

ಈಟಿಯವರು ಬುಡವನ್ನು ನೆಲಕ್ಕೆ ಊರಿ ಮೊನೆಯನ್ನು ಕುದುರೆಯ ಎದೆಯ ಮಟ್ಟಕ್ಕೆ ಹಿಡಿದಿದ್ದರು. ಗುಡೆಂಡಾಗಿನವರು ಅವರ ಜೊತೆಗೇ ನಿಂತಿದ್ದರು. ಕುದುರೆಗೂ ಜೀವದ ಆಸೆ ಇರುತ್ತದೆ. ಅಲುಗದೆ ನಿಂತ ಜನರ ಗೋಡೆಗೆ, ಅದರಲ್ಲೂ ಮೊನೆಗಳ ಮೇಲೆ, ಅದು ಸುಮ್ನೆ ಹಾರುವುದಿಲ್ಲ. ಸವಾರರು ಗೆಲ್ಲುತ್ತಿದ್ದದ್ದು ಸಾಮಾನ್ಯವಾಗಿ ಕುದುರೆ ತಲುಪುವ ಮುಂಚೆ ಕಾಲಾಳು ಹೆದರಿ ಓಡುತ್ತಿದ್ದರಿಂದ. ಒಬ್ಬ ಓಡಿದರೆ ಪಕ್ಕದವನ ಮೈ ಬಯಲಾಗುತ್ತದೆ, ಅವನೂ ಓಡುತ್ತಾನೆ. ಆ ದಿನ ಓಡಲಿಲ್ಲ. ಒಂದು ಕಡೆ, ನಡು ಸಾಲಿನಲ್ಲಿ, ಸವಾರರು ಒಳಗೆ ನುಗ್ಗಿಯೂಬಿಟ್ಟರು. ಹಿಂದೆ ಮೀಸಲು ಪಡೆ ಇಟ್ಟುಕೊಂಡು ಕಾದಿದ್ದ ಯಾನ್ ಫಾನ್ ರೆನೆಸ್ಸೆ ಬಂದು ಆ ಕಂಡಿ ಮುಚ್ಚಿದ. ಕೋಟೆಯೊಳಗಿನ ಫ್ರೆಂಚರು ಹೊರಬಂದು ಹಿಂದಿನಿಂದ ಎರಗಲು ನೋಡಿದರು. ಅದಕ್ಕೆಂದೇ ಅಲ್ಲಿ ನಿಲ್ಲಿಸಿದ್ದ ಈಪರ್ ಊರಿನವರು ಅವರನ್ನು ತಡೆದರು.

ನಿಂತುಬಿಟ್ಟ ಸವಾರನ ಗತಿ ಕಷ್ಟ. ಮೂರು ಜನ ಸುತ್ತುವರಿದು ಒಬ್ಬ ಕುದುರೆಗೆ ತಿವಿದು, ಇನ್ನೊಬ್ಬ ಎಳೆದು, ಮತ್ತೊಬ್ಬ ಬಡಿದರೆ ಸೊಂಟದಲ್ಲಿ ಎಷ್ಟು ಒಳ್ಳೆಯ ಕತ್ತಿ ಇದ್ದರೇನು? ಹಿಂದೆ ಸರಿಯಲು ಹೋದವರು ಅದೇ ತೊರೆಗೆ ಬಿದ್ದರು. ರಾಬರ್ಟ್ ಸತ್ತ. ಸಾವಿರದಷ್ಟು ಕುಲೀನ ಸವಾರರು ಸತ್ತರು. ಕುದುರೆ ಓಡಿಸಲು ನೈಟ್‌ಗಳು ಹಿಮ್ಮಡಿಗೆ ಕಟ್ಟುತ್ತಿದ್ದ ಚಿನ್ನದ ನೀರು ಕೊಟ್ಟ ಮುಳ್ಳುಗಳನ್ನು ಬಿಚ್ಚಿ, ಸುಮಾರು 500 ಜೊತೆ, ಕೋರ್ಟ್ರೈಕಿನ ಮೇರಿಯಮ್ಮನ ಇಗರ್ಜಿಯಲ್ಲಿ ತೂಗುಹಾಕಿದರು.

ಗೆಂಟ್‌ನಿಂದ ಕೋರ್ಟ್ರೈಕ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಹೋಗಿದ್ದೆ. ಆ ಇಗರ್ಜಿ ಇನ್ನೂ ಇದೆ. ಯುದ್ಧ ನಡೆದ ಜಾಗದಲ್ಲಿ ಊರು ಬೆಳೆದುಬಿಟ್ಟಿದೆ. ಒಂದು ಉದ್ಯಾನ, ಅದರಲ್ಲಿ ಸ್ಮಾರಕ. ಜುಲೈ 11 ಇವತ್ತಿಗೂ ಫ್ಲಾಂಡರ್ಸಿನ ಜನರಿಗೆ ನಾಡಹಬ್ಬದ ದಿನ.

ಸೋತವರು ಆಮೇಲೆ ಹೇಳಿದ್ದು ಒಂದೇ ಮಾತು: ಹಳ್ಳ ತೋಡಿ ಮೋಸ ಮಾಡಿದರು ಅಂತ. ತೊರೆ ದೊಡ್ಡ ಸಹಾಯ ಮಾಡಿದ್ದು ನಿಜ. ಆದರೆ ತೊರೆಯೊಂದೇ ಗೆಲ್ಲಿಸಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಫ್ರೆಂಚ್ ಸವಾರರು ತೊರೆಯನ್ನು ದಾಟಿದ್ದರು, ಸಾಲಿಗೆ ಬಂದು ಗುದ್ದಿದ್ದರು, ಒಂದು ಕಡೆ ಮುರಿದೂ ಇದ್ದರು. ಅಲ್ಲಿ ನಿಂತವರು ನಿನ್ನೆ ಮೊನ್ನೆವರೆಗೆ ಒಂದೇ ಬೀದಿಯಲ್ಲಿ ಮಗ್ಗ ಹೊಡೆದವರು. ಪಕ್ಕದಲ್ಲಿ ನಿಂತವನು ಮನೆಯ ಪಕ್ಕದವನೇ. ಬಾವುಟ ತಮ್ಮ ಸಂಘದ್ದೇ. ಬೆನ್ನು ತೋರಿಸಿದರೆ ಊರಿಗೆ ಹೋಗಿ ಮುಖ ತೋರಿಸುವುದು ಹೇಗೆ? ಯಾವ ದೊರೆಯೂ ಸಂಬಳ ಕೊಟ್ಟು ಕೊಳ್ಳಲಾಗದ ಗಟ್ಟಿತನ ಅದು.

ಕಾಲಾಳುಗಳು ಗಟ್ಟಿಯಾಗಿ ನಿಂತರೆ ಸಾಕು ಅನ್ನುವುದಾದರೆ ಆಮೇಲಿನ ಎಲ್ಲ ಯುದ್ಧಗಳನ್ನೂ ಅವರೇ ಗೆಲ್ಲಬೇಕಿತ್ತಲ್ಲ? (ಮೈಸೂರಿನ ವಿದ್ಯಾರ್ಥಿನಿ)

ಒಳ್ಳೆ ಪ್ರಶ್ನೆ ಕೇಳಿದೆಯಮ್ಮ. ಗೆಲ್ಲಲಿಲ್ಲ. ನಿಲ್ಲುವುದು ಒಂದು, ನಡೆಯುವುದು ಇನ್ನೊಂದು.

ಕೋರ್ಟ್ರೈಕಿಗೆ ನಾಲ್ಕು ವರ್ಷ ಮುಂಚೆ, 1298ರ ಜುಲೈ 22ರಂದು, ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಸ್ಕಾಟರ ನಾಯಕ ವಿಲಿಯಂ ವಾಲೇಸ್ ತನ್ನ ಈಟಿಗಾರರನ್ನು ನಾಲ್ಕು ದೊಡ್ಡ ಗುಂಪುಗಳಾಗಿ ನಿಲ್ಲಿಸಿದ್ದ. ಇಂಗ್ಲೆಂಡಿನ ಸವಾರರು ಬಂದು ಗುದ್ದಿದರು, ಒಡೆಯಲು ಆಗಲಿಲ್ಲ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಜಾಣ. ಸವಾರರನ್ನು ಹಿಂದಕ್ಕೆ ಕರೆದು ಬಿಲ್ಲುಗಾರರನ್ನು ಮುಂದೆ ಬಿಟ್ಟ. ಸ್ಕಾಟರ ಸವಾರರು ಆಗಲೇ ಕಾಲ್ಕಿತ್ತಿದ್ದರು, ಅವರ ಬಿಲ್ಲುಗಾರರು ಚದುರಿದ್ದರು. ಒತ್ತಾಗಿ ನಿಂತ ಜನಕ್ಕಿಂತ ಸುಲಭದ ಗುರಿ ಬಾಣಕ್ಕೆ ಬೇರೆ ಯಾವುದಿದೆ? ಗುಂಪಿನಲ್ಲಿ ಕಂಡಿ ಬಿದ್ದ ಮೇಲೆ ಸವಾರರು ಒಳಗೆ ನುಗ್ಗಿದರು.

1314ರ ಜೂನ್‌ನಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಅದೇ ಈಟಿಗಾರರನ್ನು ಬೇರೆ ರೀತಿ ಬಳಸಿದ. ಸಾಲು ಕೆಡದಂತೆ ಮುಂದೆ ನಡೆಯಲು ಕಲಿಸಿದ್ದ. ಇಂಗ್ಲಿಷ್ ಬಿಲ್ಲುಗಾರರು ಪಕ್ಕಕ್ಕೆ ಬಂದು ನಿಂತಾಗ ತನ್ನ ಹಗುರ ಕುದುರೆ ಪಡೆಯನ್ನು ಬಿಟ್ಟು ಅವರನ್ನು ಚದುರಿಸಿದ. ಜಾಗ ಕಿರಿದು, ಹಿಂದೆ ತೊರೆ. ಇಂಗ್ಲಿಷ್ ಸೈನ್ಯ ತನ್ನೊಳಗೇ ಸಿಕ್ಕಿಹಾಕಿಕೊಂಡಿತು.

ನಡೆಯುವುದು ಎಷ್ಟು ಕಷ್ಟ ಎಂದು ತಿಳಿಯಲು ಫ್ಲಾಂಡರ್ಸಿಗೇ ವಾಪಸ್ ಬರಬೇಕು. 1382ರ ನವೆಂಬರ್ 27, ರೋಸ್‌ಬೆಕೆ. ಗೆಂಟಿನ ನಾಯಕ ಫಿಲಿಪ್ ಫಾನ್ ಆರ್ಟೆವೆಲ್ಡೆ ಮಂಜು ಮುಸುಕಿದ ಬೆಳಗ್ಗೆ ತನ್ನ ಜನರನ್ನೆಲ್ಲ ಒಂದೇ ದೊಡ್ಡ ಗುಂಪಾಗಿ ಮುಂದೆ ನಡೆಸಿದ. ಎದುರಿದ್ದ ಫ್ರೆಂಚರು ಮೊದಲು ಹಿಂದಕ್ಕೆ ಹೋದರು. ಅಷ್ಟರಲ್ಲಿ ಫ್ರೆಂಚರ ಎಡಬಲದ ಪಡೆಗಳು ಎರಡೂ ಪಕ್ಕದಿಂದ ಮುತ್ತಿದವು. ಪಕ್ಕದಲ್ಲಿದ್ದವರು ಒಳಕ್ಕೆ ಒತ್ತಿದರು. ನಡುವೆ ಇದ್ದವರಿಗೆ ಕೈ ಎತ್ತಲೂ ಜಾಗ ಇರಲಿಲ್ಲ. ಬಹಳ ಜನ ಏಟು ಬೀಳದೆಯೇ, ಉಸಿರು ಕಟ್ಟಿ ಸತ್ತರು. ಫಿಲಿಪ್ ಕೂಡ ಅಲ್ಲೇ ಸತ್ತ. ಇಗರ್ಜಿಯಲ್ಲಿ ತೂಗುಹಾಕಿದ್ದ ಆ ಮುಳ್ಳುಗಳನ್ನು ಫ್ರೆಂಚರು ಆಗ ವಾಪಸ್ ಹೊತ್ತೊಯ್ದರು.

ಈ ಪಾಠವನ್ನು ಪೂರ್ತಿ ಕಲಿತವರು ಸ್ವಿಸ್ ಜನ. ಅವರ ಮೊದಲ ಆಯುಧ ಹಾಲ್ಬರ್ಡ್. ಆರೂವರೆ ಅಡಿ ಉದ್ದದ ಕೋಲಿನ ತುದಿಗೆ ಕೊಡಲಿ, ಮೊನೆ, ಕೊಕ್ಕೆ. 1315ರಲ್ಲಿ ಮೋರ್ಗಾರ್ಟನ್ ಕಣಿವೆಯಲ್ಲಿ ಆಸ್ಟ್ರಿಯಾದ ಸವಾರರನ್ನು ಅದರಿಂದಲೇ ಕೊಚ್ಚಿದ್ದರು. ಆದರೆ 1422ರಲ್ಲಿ ಅರ್ಬೇಡೋದಲ್ಲಿ ಮಿಲಾನಿನ ಸವಾರರು ಕುದುರೆ ಇಳಿದು ಉದ್ದ ಭರ್ಜಿ ಹಿಡಿದು ನಡೆದು ಬಂದರು. ಹಾಲ್ಬರ್ಡಿಗೆ ಅವರ ಮೈ ಎಟುಕಲಿಲ್ಲ. ಸ್ವಿಸ್ಸರು ಹಿಂದೆ ಸರಿಯಬೇಕಾಯಿತು. ಅದಾದ ಮೇಲೆ ಹದಿನಾರು ಅಡಿಗೂ ಉದ್ದದ ಪೈಕ್ ಎಂಬ ಈಟಿ ಅವರಲ್ಲಿ ಹೆಚ್ಚಾಯಿತು. ಹೊರಗಿನ ಸಾಲುಗಳಲ್ಲಿ ಪೈಕ್, ಒಳಗೆ ಹಾಲ್ಬರ್ಡ್, ಸೊಂಟದಲ್ಲಿ ಕತ್ತಿ ಇಲ್ಲವೇ ದೊಡ್ಡ ಚಾಕು. ಇಷ್ಟು ಜನ ಒಟ್ಟಿಗೆ ಹೆಜ್ಜೆ ಹಾಕಿ ಓಡುನಡಿಗೆಯಲ್ಲಿ ಬಂದು ಗುದ್ದಲು ವರ್ಷಗಟ್ಟಲೆ ಅಭ್ಯಾಸ ಬೇಕು. 1476ರಲ್ಲಿ ಗ್ರಾನ್ಸೋನ್, ಮುರ್ಟನ್, 1477ರ ಜನವರಿಯಲ್ಲಿ ನಾನ್ಸಿ, ಈ ಮೂರು ಕಡೆ ಬರ್ಗಂಡಿಯ ಒಡೆಯ ಚಾರ್ಲ್ಸ್ ಅವರ ಕೈಯಲ್ಲಿ ಸೋತ. ಕೊನೆಯದರಲ್ಲಿ ಪ್ರಾಣವನ್ನೂ ಬಿಟ್ಟ.

ಉಕ್ಕಿನ ಕವಚವನ್ನು ಕತ್ತಿ ಸೀಳುತ್ತಿತ್ತಾ? (ಕಲಬುರಗಿ)

ತಗಡಿನ ಕವಚವನ್ನು ಸೀಳುವುದಿಲ್ಲ. ಉಂಗುರ ಹೆಣೆದ ಕವಚವೂ ಕೊಚ್ಚುವ ಏಟಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಆದ್ದರಿಂದಲೇ 14ನೇ ಶತಮಾನದಲ್ಲಿ ತಗಡಿನ ಕವಚ ಹೆಚ್ಚಾದಂತೆ ಕತ್ತಿಯ ಆಕಾರ ಬದಲಾಯಿತು. ಅಗಲ ಅಲಗು ಹೋಗಿ ಮೊನೆಯ ಕಡೆ ಸಪೂರವಾಗುವ, ನಡುವೆ ಏಣು ಇರುವ ಗಟ್ಟಿ ಅಲಗು ಬಂತು. ಬೀಸುವ ಬದಲು ಇರಿಯಲು. ಇರಿಯುವುದಾದರೂ ಎಲ್ಲಿ? ಕಂಕುಳು, ಮೊಣಕೈ ಮಡಿಕೆ, ಮುಖವಾಡದ ಸೀಳು, ತೊಡೆಸಂದು. ತಗಡು ಮುಚ್ಚಲಾಗದ ಜಾಗಗಳು ಇವು.

15ನೇ ಶತಮಾನದ ಜರ್ಮನ್ ಕತ್ತಿವರಸೆ ಹಸ್ತಪ್ರತಿಗಳ ಚಿತ್ರಗಳನ್ನು ನೋಡಿದರೆ ಮೊದಲು ಗಾಬರಿಯಾಗುತ್ತದೆ. ಬಲಗೈಯಲ್ಲಿ ಹಿಡಿ, ಎಡಗೈ ನೇರವಾಗಿ ಅಲಗಿನ ಮೇಲೆ! ಬಿಗಿಯಾಗಿ ಹಿಡಿದರೆ, ಕೈ ಜಾರಲು ಬಿಡದಿದ್ದರೆ ಅಲಗು ಕೊಯ್ಯುವುದಿಲ್ಲ. ಹೀಗೆ ಹಿಡಿದಾಗ ಕತ್ತಿ ಒಂದು ಗಿಡ್ಡ ಈಟಿ ಆಗುತ್ತದೆ, ಮೊನೆಯನ್ನು ಬೇಕಾದ ಸಂದಿಗೆ ಒತ್ತಬಹುದು. ಇನ್ನೊಂದು ಚಿತ್ರದಲ್ಲಿ ಎರಡೂ ಕೈ ಅಲಗಿನ ಮೇಲೆ. ಹಿಡಿಯ ಕಡೆಯಿಂದ ಎದುರಾಳಿಯ ತಲೆಗೆ ಬಡಿಯುತ್ತಿದ್ದಾನೆ.

ಕತ್ತಿಗೆ ನಿಜವಾದ ಕೆಲಸ ಸಿಗುತ್ತಿದ್ದದ್ದು ಸಾಲುಗಳು ಕಲಸಿಹೋದ ಮೇಲೆ. 1415ರ ಅಕ್ಟೋಬರ್ 25ರಂದು ಫ್ರಾನ್ಸಿನ ಅಜಿನ್‌ಕೋರ್ಟ್‌ನಲ್ಲಿ ಉತ್ತ ಹೊಲದ ಕೆಸರಿನಲ್ಲಿ ಫ್ರೆಂಚ್ ಕವಚಧಾರಿಗಳು ಕಾಲು ಕೀಳಲಾಗದೆ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಬಂದರು. ಆಗ ಇಂಗ್ಲಿಷ್ ಬಿಲ್ಲುಗಾರರು ಬಿಲ್ಲು ಕೆಳಗೆ ಹಾಕಿ ಕತ್ತಿ, ಕೊಡಲಿ, ಗೂಟ ಹೊಡೆಯಲು ತಂದಿದ್ದ ಕೊಡತಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಅವರ ಪಕ್ಕಕ್ಕೆ ಎರಗಿದರು. ಹಗುರ ಬಟ್ಟೆಯವರಿಗೆ ಕೆಸರಿನಲ್ಲಿ ಓಡಾಡುವುದು ಸುಲಭ. ಅವರ ಕೈಯಲ್ಲಿದ್ದ ಕತ್ತಿ ಸಾಮಾನ್ಯ ಕತ್ತಿಯೇ. ಅದು ಉಪಯೋಗಕ್ಕೆ ಬಂದದ್ದು ಆ ಒಂದು ಗಳಿಗೆಯಲ್ಲಿ.

ಯಾವ ಆಯುಧದಿಂದ ಎಷ್ಟು ಜನ ಸತ್ತರು ಎಂದು ಈಗ ತಿಳಿಯುವುದು ಹೇಗೆ? ಚರಿತ್ರೆಕಾರರು ಬರೆದದ್ದನ್ನು ನಂಬಬೇಕಷ್ಟೇ ಅಲ್ವಾ? (ಶಿವಮೊಗ್ಗದ ವೈದ್ಯರು)

ನಿಮ್ಮ ವೃತ್ತಿಗೇ ಹತ್ತಿರದ ಉತ್ತರ ಇದೆ. ಮೂಳೆಗಳು ಹೇಳುತ್ತವೆ.

1361ರ ಜುಲೈ 27ರಂದು ಡೆನ್ಮಾರ್ಕಿನ ನಾಲ್ಕನೇ ವಾಲ್ಡೆಮಾರ್ ದೊರೆ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪೇಟೆಯ ಗೋಡೆಯ ಹೊರಗೆ ಅಲ್ಲಿನ ರೈತರ ಪಡೆಯನ್ನು ಕೊಚ್ಚಿಹಾಕಿದ. ಪೇಟೆಯವರು ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತು, ಆಮೇಲೆ ಶರಣಾದರು. ಸತ್ತವರನ್ನು ಮೈಮೇಲಿನ ಕವಚ ಬಿಚ್ಚದೆಯೇ ದೊಡ್ಡ ಗುಂಡಿಗಳಿಗೆ ಹಾಕಿದ್ದರು. 20ನೇ ಶತಮಾನದ ಆರಂಭದಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು. ಉಂಗುರದ ಟೊಪ್ಪಿಗೆ ಇನ್ನೂ ತಲೆಬುರುಡೆಗೆ ಅಂಟಿಕೊಂಡಿರುವಂಥವೂ ಇದ್ದವು.

ಅಲ್ಲಿ ಕಾಣುವ ಗಾಯಗಳಲ್ಲಿ ಕೊಚ್ಚಿದ ಗಾಯವೇ ಜಾಸ್ತಿ. ಕತ್ತಿ ಇಲ್ಲವೇ ಕೊಡಲಿಯದು. ಬಾಣ ತೂರಿದ ಗುರುತೂ ಸಾಕಷ್ಟಿದೆ. ಕೊಚ್ಚಿದ ಗಾಯಗಳಲ್ಲಿ ಬಹಳಷ್ಟು ಬಿದ್ದಿರುವುದು ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಮೇಲೆ. ಗುರಾಣಿ ಎದೆ, ತಲೆ ಮುಚ್ಚುತ್ತದೆ. ಕಾಲು ಬಯಲಾಗಿರುತ್ತದೆ. ಅನುಭವ ಇದ್ದ ಡೇನ್ ಸೈನಿಕ ಮೊದಲು ಕಾಲಿಗೆ ಬೀಸುತ್ತಿದ್ದ, ಬಿದ್ದ ಮೇಲೆ ತಲೆಗೆ. ಆ ಗುಂಡಿಗಳಲ್ಲಿ ಮೀಸೆ ಮೂಡದ ಹುಡುಗರಿದ್ದರು, ಮುದುಕರಿದ್ದರು, ಹಳೆಯ ಕಾಯಿಲೆಯಿಂದ ಕಾಲು ಸೊಟ್ಟಗಾದವರೂ ಇದ್ದರು. ಕೋರ್ಟ್ರೈಕಿನವರ ಹಾಗೆ ಇವರೂ ಸಾಮಾನ್ಯ ಜನ. ಆದರೆ ತೊರೆ ಇರಲಿಲ್ಲ, ಮೀಸಲು ಪಡೆ ಇರಲಿಲ್ಲ, ಎದುರಿಗೆ ಬಂದವರು ಪಳಗಿದ ಸೈನಿಕರು. ಇವರ ಬಗ್ಗೆ ಓದುವಾಗ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಇಂಗ್ಲೆಂಡಿನ ಟೌಟನ್‌ನಲ್ಲಿ 1996ರಲ್ಲಿ ಕಟ್ಟಡ ಕೆಲಸದವರಿಗೆ ಇನ್ನೊಂದು ಗುಂಡಿ ಸಿಕ್ಕಿತು. 1461ರ ಮಾರ್ಚ್ 29ರಂದು ಹಿಮ ಸುರಿಯುವಾಗ ನಡೆದ ಯುದ್ಧದ ಸುಮಾರು 40 ಜನ ಅದರಲ್ಲಿದ್ದರು. ಅಲ್ಲಿ ಹೆಚ್ಚಿನ ಗಾಯ ತಲೆಗೆ. ಶಿರಸ್ತ್ರಾಣ ಕಳಚಿತ್ತು ಅಥವಾ ಓಡುವಾಗ ಎಸೆದಿದ್ದರು ಅನಿಸುತ್ತದೆ. ಸಾಲು ಮುರಿದ ಮೇಲೆ, ಬೆನ್ನಟ್ಟಿ ಬಂದಾಗ ಸಾಯುವವರೇ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಡಾಕ್ಟರೇ, ನಿಮಗೆ ಆಸಕ್ತಿ ಆಗುವಂಥ ಒಂದು ವಿಷಯ: ಅವರಲ್ಲಿ ನಡುವಯಸ್ಸು ದಾಟಿದ ಒಬ್ಬನ ದವಡೆಗೆ ಬಹಳ ಹಿಂದೆ ಭಾರೀ ಏಟು ಬಿದ್ದು, ಅದು ಚೆನ್ನಾಗಿ ಮಾಗಿತ್ತು. ಅಂಥ ಗಾಯವನ್ನು ನಂಜು ಏರದಂತೆ ನೋಡಿಕೊಂಡ ವೈದ್ಯ ಆ ಕಾಲದಲ್ಲೂ ಇದ್ದ.

ನಮ್ಮ ಊರಿನ ವೀರಗಲ್ಲಿನಲ್ಲಿ ವೀರನ ಕೈಯಲ್ಲಿ ಕತ್ತಿ, ಗುರಾಣಿ ಇದೆ, ಈಟಿ ಇಲ್ಲ. ಹಾಗಾದರೆ ನಮ್ಮಲ್ಲಿ ಕತ್ತಿಯೇ ಮುಖ್ಯವಾಗಿತ್ತಾ? (ಸೊರಬ ತಾಲೂಕಿನ ಓದುಗರು)

ಒಂದು ಕಲ್ಲಿನಿಂದ ಅಷ್ಟು ದೂರ ಹೋಗಬೇಡಿ. ವೀರಗಲ್ಲು ನಿಲ್ಲಿಸುವುದು ಸತ್ತ ಒಬ್ಬ ವೀರನ ನೆನಪಿಗೆ. ಶಿಲ್ಪಿ ಅವನೊಬ್ಬನನ್ನೇ ದೊಡ್ಡದಾಗಿ ತೋರಿಸುತ್ತಾನೆ. ಎಷ್ಟೋ ಕಲ್ಲುಗಳು ತುರುಗಳನ್ನು ಅಟ್ಟಿಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತವರದು. ಅಂಥ ಸಣ್ಣ ಕಾದಾಟದಲ್ಲಿ ಸಾಲು ಕಟ್ಟಿ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಕೈಗೆ ಸಿಕ್ಕಿದ ಕತ್ತಿ, ಬಿಲ್ಲು ಹಿಡಿದು ಓಡುವುದೇ. ದೊಡ್ಡ ಯುದ್ಧದ ಚಿತ್ರ ಬೇಕಿದ್ದರೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ನೋಡಿ. ಆನೆ, ಕುದುರೆ, ಕಾಲಾಳು ಎಲ್ಲ ಅದರಲ್ಲಿ ಇವೆ.

ನಿಮ್ಮ ಊರಿನ ಕಲ್ಲಿನಲ್ಲಿ ವೀರನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರಾ, ಅವರ ಕೈಯಲ್ಲಿ ಏನಿದೆ, ಕೆಳಗಿನ ಪಟ್ಟಿಕೆಯಲ್ಲಿ ದನಗಳಿವೆಯಾ, ಬರಹ ಇದೆಯಾ ಎಂದು ನೋಡಿ ಬರೆಯಿರಿ. ಬೆಳಗ್ಗೆ ಏಳರಿಂದ ಎಂಟರೊಳಗೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಸವೆದ ಗೆರೆಗಳೂ ಕಾಣುತ್ತವೆ. ಕಲ್ಲಿಗೆ ಸುಣ್ಣ, ಹಿಟ್ಟು ಏನನ್ನೂ ಬಳಿಯಬೇಡಿ. ಫೋಟೊ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಆ ಕಲ್ಲನ್ನೇ ಇಟ್ಟುಕೊಂಡು ಮಾತಾಡೋಣ.